ದುಡಿಮೆಗೆ ಹಳಬಳು, ಮನೆಗೆಲಸಕ್ಕೆ ಹೊಸಬ



2025ರ ಅಕ್ಟೋಬರ್ 21ರಂದು ಜಪಾನಿನ ಸಂಸತ್ತು ಸನಾಯೆ ತಕಾಯಿಚಿ ಅವರನ್ನು ಪ್ರಧಾನಿಯಾಗಿ ಆರಿಸಿತು. ಆ ದೇಶದಲ್ಲಿ ಆ ಕುರ್ಚಿಯ ಮೇಲೆ ಕೂತ ಮೊದಲ ಮಹಿಳೆ ಅವರು. ಆದರೆ ಅವರು ಕಟ್ಟಿದ ಸಂಪುಟದಲ್ಲಿ ಅವರನ್ನು ಬಿಟ್ಟರೆ ಇದ್ದವರು ಇಬ್ಬರೇ ಮಹಿಳೆಯರು. ಮದುವೆಯಾದ ಮೇಲೂ ಗಂಡ ಹೆಂಡತಿ ತಂತಮ್ಮ ಮನೆತನದ ಹೆಸರನ್ನೇ ಉಳಿಸಿಕೊಳ್ಳಲು ಕಾನೂನು ಬಿಡಬೇಕು ಎಂಬ ಬೇಡಿಕೆಗೆ ಅವರ ವಿರೋಧವಿದೆ. ಅವರ ಸ್ವಂತ ಮನೆಯಲ್ಲಿ ಮಾತ್ರ, ದಂಪತಿ 2021ರಲ್ಲಿ ಮತ್ತೆ ಮದುವೆಯಾದಾಗ, ಹೆಸರು ಬದಲಾಯಿಸಿಕೊಂಡವರು ಗಂಡ. ಪಕ್ಷದ ನಾಯಕತ್ವ ಗೆದ್ದ ದಿನ ಅವರು ಆಡಿದ ಮಾತು ಇನ್ನೂ ಕುತೂಹಲದ್ದು. ಕೆಲಸ ಮತ್ತು ಬದುಕಿನ ನಡುವಣ ಸಮತೋಲನ ಎಂಬುದನ್ನೇ ತಾವು ಕೈಬಿಡುವುದಾಗಿಯೂ ದುಡಿಯುತ್ತಲೇ ಇರುವುದಾಗಿಯೂ ಹೇಳಿ, ದುಡಿಮೆಯ ಮಾತನ್ನು ಒಂದೇ ಉಸಿರಿಗೆ ಹಲವು ಸಲ ಆಡಿದರು. ಕುರ್ಚಿಗೆ ಬಂದದ್ದು ಹೆಂಗಸು ನಿಜ, ಆದರೆ ಅವರು ಒಪ್ಪಿಕೊಂಡ ದುಡಿಮೆಯ ರೀತಿ ಹಳೆಯ ಗಂಡಸಿನದೇ.

ಜಪಾನಿನ ಬಗ್ಗೆ ನಾವು ಸಾಮಾನ್ಯವಾಗಿ ಕೇಳುವ ಕಥೆ ಸರಳವಾದದ್ದು. ಶತಮಾನಗಳಿಂದ ಹೆಂಗಸು ಮನೆಯೊಳಗೆ ಇದ್ದಳು, ಈಗೀಗ ಹೊರಗೆ ಬರುತ್ತಿದ್ದಾಳೆ ಎಂಬುದು ಆ ಕಥೆ. ಇದು ಅರ್ಧ ಮಾತ್ರ ಸತ್ಯ. ಜಪಾನಿನ ಹೆಂಗಸು ದುಡಿಮೆಗೆ ಎಂದೂ ಹೊಸಬಳಾಗಿರಲಿಲ್ಲ. ಗಂಡಸೇ ಮನೆಗೆಲಸಕ್ಕೆ ಹೊಸಬ, ಇನ್ನೂ ಹೊಸಬನಾಗಿಯೇ ಇದ್ದಾನೆ. ಈ ಮಾತನ್ನು ಚರಿತ್ರೆಯ ಜೊತೆಗೆ ಇಟ್ಟು ನೋಡುವುದು ಇಂದಿನ ನನ್ನ ಉದ್ದೇಶ.

ಮೊದಲು ಸಮುದ್ರದ ದಂಡೆಗೆ ಹೋಗೋಣ. ಮಿಯೆ ಪ್ರಾಂತ್ಯದ ತೊಬಾ ಮತ್ತು ಶಿಮಾ ಊರುಗಳಲ್ಲಿ ಹೆಂಗಸರು ಆಮ್ಲಜನಕದ ಸಿಲಿಂಡರ್ ಇಲ್ಲದೆ, ಉಸಿರು ಕಟ್ಟಿ ಕಡಲ ತಳಕ್ಕೆ ಮುಳುಗಿ, ಅಬಲೋನಿ ಎಂಬ ದುಬಾರಿ ಚಿಪ್ಪುಜೀವಿಯನ್ನೂ ಸಮುದ್ರದ ಪಾಚಿಯನ್ನೂ ಎತ್ತಿ ತರುತ್ತಾರೆ. ಇವರನ್ನು ಅಮಾ ಎಂದು ಕರೆಯುತ್ತಾರೆ. ಕೆಲವು ಕಡೆ ಹೆಂಡತಿ ಮುಳುಗುತ್ತಾಳೆ, ಗಂಡ ದೋಣಿಯಲ್ಲಿ ಕೂತು ಅವಳ ಸೊಂಟಕ್ಕೆ ಕಟ್ಟಿದ ಹಗ್ಗ ಹಿಡಿದಿರುತ್ತಾನೆ. ಅವಳು ಹಗ್ಗ ಜಗ್ಗಿದ ಕೂಡಲೇ ಮೇಲೆಳೆಯುವುದು ಅವನ ಕೆಲಸ. 1950ರ ದಶಕದಲ್ಲಿ ದೇಶದಲ್ಲಿ ಇಂಥವರು 17 ಸಾವಿರಕ್ಕೂ ಹೆಚ್ಚು ಇದ್ದರು. ಈಗ ಉಳಿದಿರುವವರು ಸಾವಿರದ ಚಿಲ್ಲರೆ, ಅವರಲ್ಲೂ ಬಹುಪಾಲು ಅಜ್ಜಿಯರು. ಕಡಲ ಕರೆಯ ಹಳ್ಳಿಗಳಲ್ಲಿ ಮನೆಯ ಸಂಪಾದನೆ ಹೆಂಗಸಿನ ಉಸಿರಿನ ಮೇಲೆ ನಿಂತಿತ್ತು. ಬಯಲು ನಾಡಿನಲ್ಲೂ ಅಷ್ಟೇ. ನಾಟಿ ಮಾಡುವುದು, ರೇಷ್ಮೆ ಹುಳು ಸಾಕುವುದು, ನೇಯುವುದು ಎಲ್ಲದರಲ್ಲೂ ಹೆಂಗಸಿನ ಕೈ ಇತ್ತು.

ಹಾಗಾದರೆ ಮನೆಯೊಳಗೇ ಇರುವ ಹೆಂಡತಿ ಎಲ್ಲಿಂದ ಬಂದಳು? ಆಕೆ ಮುಖ್ಯವಾಗಿ ಸಮುರಾಯ್ ಮನೆಗಳ ಹೆಂಗಸು. ಸಮುರಾಯ್‌ಗಳು ಒಟ್ಟು ಜನಸಂಖ್ಯೆಯಲ್ಲಿ ನೂರಕ್ಕೆ ಹತ್ತು ಮಂದಿಯೂ ಇರಲಿಲ್ಲ. 1868ರಲ್ಲಿ ಮೇಜಿ ಆಡಳಿತ ಬಂದ ಮೇಲೆ ಹೊಸ ಸರ್ಕಾರ ಈ ಕೆಲವೇ ಮನೆಗಳ ಪದ್ಧತಿಯನ್ನು ಇಡೀ ದೇಶದ ಕಾನೂನನ್ನಾಗಿ ಮಾಡಿತು. 1898ರ ನಾಗರಿಕ ಸಂಹಿತೆ ಪ್ರತಿ ಮನೆಗೂ ಒಬ್ಬ ಯಜಮಾನನನ್ನು ನೇಮಿಸಿತು. ಆಸ್ತಿ ಅವನದು, ಮನೆಯವರ ಮದುವೆಗೆ ಒಪ್ಪಿಗೆ ಕೊಡುವ ಹಕ್ಕೂ ಅವನದು. ಗಂಡನ ಅನುಮತಿಯಿಲ್ಲದೆ ಹೆಂಡತಿ ಮುಖ್ಯವಾದ ಯಾವ ಕರಾರಿಗೂ ಸಹಿ ಹಾಕುವಂತಿರಲಿಲ್ಲ. ಹೆಣ್ಣುಮಕ್ಕಳ ಶಾಲೆಗಳು ಒಳ್ಳೆಯ ಹೆಂಡತಿ, ಜಾಣ ತಾಯಿ ಎಂಬ ಆದರ್ಶವನ್ನು ಪಾಠವಾಗಿ ಕಲಿಸಿದವು. 1900ರ ಪೊಲೀಸ್ ಕಾನೂನು ಹೆಂಗಸರು ರಾಜಕೀಯ ಸಭೆಗೆ ಹೋಗುವುದನ್ನೇ ನಿಷೇಧಿಸಿತು. ಇಂದು ಪುರಾತನ ಸಂಪ್ರದಾಯ ಎಂದು ಹೇಳುವ ಎಷ್ಟೋ ಸಂಗತಿಗಳ ವಯಸ್ಸು ನೂರಿಪ್ಪತ್ತು, ನೂರಮೂವತ್ತು ವರ್ಷ.

ಪಠ್ಯಪುಸ್ತಕ ಹೆಣ್ಣಿಗೆ ಮನೆಯ ಆದರ್ಶ ಕಲಿಸುತ್ತಿದ್ದ ಕಾಲದಲ್ಲೇ ಸರ್ಕಾರದ ಬೊಕ್ಕಸ ತುಂಬಿಸುತ್ತಿದ್ದವರು ಕಾರ್ಖಾನೆಯ ಹೆಣ್ಣುಮಕ್ಕಳು. 1872ರಲ್ಲಿ ಗುನ್ಮಾ ಪ್ರಾಂತ್ಯದ ತೊಮಿಯೊಕಾದಲ್ಲಿ ಸರ್ಕಾರವೇ ಒಂದು ದೊಡ್ಡ ರೇಷ್ಮೆ ನೂಲು ಬಿಚ್ಚುವ ಕಾರ್ಖಾನೆ ತೆರೆಯಿತು. ಯಂತ್ರ ಫ್ರಾನ್ಸಿನದು, ಮೇಲ್ವಿಚಾರಕ ಪೌಲ್ ಬ್ರುನಾ ಎಂಬ ಫ್ರೆಂಚ್ ತಜ್ಞ. ಕೆಲಸಕ್ಕೆ ಹುಡುಗಿಯರು ಬೇಕೆಂದರೆ ಯಾರೂ ಬರಲಿಲ್ಲ. ಫ್ರೆಂಚರು ಕುಡಿಯುವ ಕೆಂಪು ದ್ರಾಕ್ಷಾರಸವನ್ನು ಕಂಡವರು ಅವರು ಹುಡುಗಿಯರ ರಕ್ತ ಕುಡಿಯುತ್ತಾರೆ ಎಂದು ಪುಕಾರು ಹಬ್ಬಿಸಿದ್ದರು. ಕೊನೆಗೆ ಕಾರ್ಖಾನೆಯ ಮುಖ್ಯಸ್ಥ ಒದಾಕಾ ಅತ್ಸುತದಾ, ಹದಿಹರೆಯದ ತನ್ನ ಮಗಳನ್ನೇ ಮೊದಲ ಕೆಲಸಗಾರ್ತಿಯಾಗಿ ಸೇರಿಸಿದ. ಆಮೇಲೆ ಸಮುರಾಯ್ ಮನೆಗಳ ಹುಡುಗಿಯರೂ ಬಂದರು. ಅವರಲ್ಲಿ ವಾದಾ ಎಯಿ ಎಂಬಾಕೆ ಮುಂದೆ ಆ ದಿನಗಳ ನೆನಪನ್ನು ಬರೆದಿಟ್ಟಳು. ದೇಶಕ್ಕಾಗಿ ಹೊಸ ವಿದ್ಯೆ ಕಲಿಯುತ್ತಿದ್ದೇವೆ ಎಂಬ ಹೆಮ್ಮೆ ಆ ಬರಹದಲ್ಲಿದೆ. ತೊಮಿಯೊಕಾ ಈಗ ಯುನೆಸ್ಕೊದ ವಿಶ್ವ ಪರಂಪರೆಯ ತಾಣ.

ಹೆಮ್ಮೆಯ ಕಾಲ ಬೇಗ ಮುಗಿಯಿತು. ಖಾಸಗಿ ಕಾರ್ಖಾನೆಗಳು ಹೆಚ್ಚಿದಂತೆ ಬಡ ರೈತರ ಹೆಣ್ಣುಮಕ್ಕಳು ಮುಂಗಡ ಹಣದ ಕರಾರಿಗೆ ಸಿಕ್ಕಿ ಬಂದರು. ಹಿದಾ ಗುಡ್ಡಗಾಡಿನಿಂದ ನೊಮುಗಿ ಕಣಿವೆ ದಾರಿಯ ಹಿಮ ತುಳಿದು ಸುವಾ ಸರೋವರದ ಬಳಿಯ ಒಕಾಯಾ ಪಟ್ಟಣಕ್ಕೆ ನಡೆದು ಬರುತ್ತಿದ್ದ ಹುಡುಗಿಯರ ಕಥೆ ಜಪಾನಿನಲ್ಲಿ ಮನೆಮಾತು. ದಿನಕ್ಕೆ 13, 14 ಗಂಟೆ ಕೆಲಸ. ಬೇಲಿ ಹಾಕಿದ ವಸತಿ. ನೂಲು ಎಳೆ ತಪ್ಪಿದರೆ ಕೂಲಿಯಲ್ಲಿ ಕಡಿತ. ಕ್ಷಯ ಬಂದರೆ ಊರಿಗೆ ವಾಪಸ್ಸು. ಕುದಿಯುವ ನೀರಿನಲ್ಲಿ ಗೂಡು ತಿರುವಿ ಬೆರಳು ಬೆಂದವರ ಪಾಡು ಏನೆಂದು ರಾಮನಗರ, ಶಿಡ್ಲಘಟ್ಟದ ಕೇಳುಗರಿಗೆ ನಾನು ಹೇಳಬೇಕಾಗಿಲ್ಲ. ನಮ್ಮ ನಾಡಿಗೂ ಆ ಉದ್ಯಮಕ್ಕೂ ನೇರ ನಂಟಿದೆ. 19ನೇ ಶತಮಾನದ ಕೊನೆಯಲ್ಲಿ ಜಮ್ಶೆಡ್‌ಜಿ ಟಾಟಾ ಜಪಾನಿ ಪರಿಣತರನ್ನು ಕರೆಸಿ ಬೆಂಗಳೂರಿನಲ್ಲಿ ರೇಷ್ಮೆ ತೋಟ ಮಾಡಿಸಿದರು. ಬಸವನಗುಡಿಯ ಬಳಿ ಟಾಟಾ ಸಿಲ್ಕ್ ಫಾರಂ ಎಂಬ ಹೆಸರು ಇಂದಿಗೂ ಉಳಿದಿದೆ.

ಜಪಾನಿನ ಈ ಕಾರ್ಖಾನೆ ಹುಡುಗಿಯರು ಸುಮ್ಮನೆ ಇರಲೂ ಇಲ್ಲ. 1886ರಲ್ಲಿ ಕೊಫು ಪಟ್ಟಣದ ಒಂದು ರೇಷ್ಮೆ ಕಾರ್ಖಾನೆಯಲ್ಲಿ, ಕೆಲಸದ ಹೊತ್ತು ಹೆಚ್ಚಿಸಿ ಕೂಲಿ ಇಳಿಸಿದ್ದಕ್ಕೆ ಹೆಂಗಸರು ಕೆಲಸ ನಿಲ್ಲಿಸಿ ಹೊರಬಂದರು. ಜಪಾನಿನ ಕಾರ್ಖಾನೆಗಳ ಮೊದಲ ಮುಷ್ಕರ ಎಂದು ಚರಿತ್ರೆಕಾರರು ಗುರುತಿಸುವುದು ಇದನ್ನೇ. 1909ರ ಹೊತ್ತಿಗೆ ಜಪಾನು ಚೀನಾವನ್ನು ಹಿಂದಿಕ್ಕಿ ಜಗತ್ತಿನಲ್ಲೇ ಅತಿ ಹೆಚ್ಚು ಕಚ್ಚಾ ರೇಷ್ಮೆ ರಫ್ತು ಮಾಡುವ ದೇಶವಾಯಿತು. ಹಡಗು, ಉಕ್ಕು, ತೋಪು ಕೊಳ್ಳಲು ಬೇಕಾದ ವಿದೇಶಿ ಹಣದ ದೊಡ್ಡ ಪಾಲು ಈ ನೂಲಿನಿಂದ ಬಂತು. ಸುಮಾರು 1930ರವರೆಗೂ ಜಪಾನಿನ ಕಾರ್ಖಾನೆ ಕೆಲಸಗಾರರಲ್ಲಿ ಹೆಂಗಸರದೇ ಮೇಲುಗೈ. ಹೆಂಗಸರ ರಾತ್ರಿ ಪಾಳಿ ನಿಂತದ್ದು ಮಾತ್ರ 1929ರಲ್ಲಿ.

ಯುದ್ಧ ಸೋತ ಮೇಲೆ ಕಾನೂನು ಮಗ್ಗುಲು ಬದಲಿಸಿತು. 1945ರ ಡಿಸೆಂಬರಿನಲ್ಲಿ ಹೆಂಗಸರಿಗೆ ಮತದ ಹಕ್ಕು ಸಿಕ್ಕಿತು. ಮುಂದಿನ ಏಪ್ರಿಲ್‌ನಲ್ಲಿ ನಡೆದ ಚುನಾವಣೆಯಲ್ಲಿ 39 ಮಹಿಳೆಯರು ಗೆದ್ದರು. ಹೊಸ ಸಂವಿಧಾನದ ಕರಡು ತಯಾರಾಗುವಾಗ ಅಮೆರಿಕನ್ ಆಡಳಿತದ ತಂಡದಲ್ಲಿ ಬಿಯಾಟೆ ಸಿರೋಟಾ ಎಂಬ 22 ವರ್ಷದ ಯುವತಿ ಇದ್ದಳು. ಪಿಯಾನೊ ವಾದಕನ ಮಗಳು, ಟೋಕಿಯೊದಲ್ಲೇ ಬೆಳೆದವಳು, ಜಪಾನಿ ಹೆಂಗಸರ ಬಾಳನ್ನು ಹತ್ತಿರದಿಂದ ಕಂಡವಳು. ಮದುವೆಯಲ್ಲಿ ಗಂಡ ಹೆಂಡತಿಗೆ ಸಮಾನ ಹಕ್ಕು ಎಂದು ಸಾರುವ 24ನೇ ವಿಧಿಯ ಹಿಂದೆ ಆಕೆಯ ಕೈಬರಹವಿದೆ. 1947ರ ಕಾರ್ಮಿಕ ಕಾನೂನು ಸಮಾನ ಕೆಲಸಗಾರರ ಕೂಲಿಯಲ್ಲಿ ಹೆಣ್ಣು ಗಂಡೆಂಬ ಭೇದ ಮಾಡಬಾರದೆಂದಿತು, ಮುಟ್ಟಿನ ರಜೆಯನ್ನೂ ಕೊಟ್ಟಿತು. ಯಜಮಾನನ ಪದ್ಧತಿ ಕಾನೂನಿನಿಂದ ಅಳಿಸಿಹೋಯಿತು.

ಇಷ್ಟೆಲ್ಲ ಆದ ಮೇಲೆ ಹೆಂಗಸು ಗಂಡಸಿಗೆ ಸರಿಸಮನಾಗಿ ದುಡಿಯತೊಡಗಿದಳು ಎಂದು ನೀವು ಊಹಿಸಬಹುದು. ನಡೆದದ್ದು ತದ್ವಿರುದ್ಧ. ಸಂಬಳದ ಗಂಡ, ಮನೆಯ ಹೆಂಡತಿ ಎಂಬ ಜೋಡಿ ಜನಸಾಮಾನ್ಯರ ಬದುಕಾದದ್ದು ಯುದ್ಧಾನಂತರದ ಆರ್ಥಿಕ ಏಳಿಗೆಯ ಕಾಲದಲ್ಲಿ, ಅಂದರೆ 1950ರ ದಶಕದ ನಡುವಿನಿಂದ 1973ರ ತೈಲ ಬಿಕ್ಕಟ್ಟಿನವರೆಗೆ. ದೊಡ್ಡ ಕಂಪನಿಗಳು ಗಂಡಸಿಗೆ ಒಂದು ಒಪ್ಪಂದ ಮುಂದಿಟ್ಟವು. ಓದು ಮುಗಿದ ಕೂಡಲೇ ಕೆಲಸ, ನಿವೃತ್ತಿಯವರೆಗೂ ಖಾತರಿ, ವಯಸ್ಸಿನ ಜೊತೆ ಏರುವ ಸಂಬಳ. ಅದಕ್ಕೆ ಪ್ರತಿಯಾಗಿ ಅವನು ತನ್ನ ಹೊತ್ತನ್ನೆಲ್ಲ ಕಂಪನಿಗೆ ಕೊಡಬೇಕು. ರಾತ್ರಿ ಹತ್ತಕ್ಕೆ ಮನೆ, ಹೇಳಿದ ಊರಿಗೆ ವರ್ಗ, ಮೇಲಧಿಕಾರಿ ಕರೆದರೆ ಸಂಜೆಯ ಕುಡಿತಕ್ಕೂ ಹಾಜರ್. ಹೀಗೆ ಬದುಕುವ ಗಂಡಸಿಗೆ ಊಟ, ಮಕ್ಕಳು, ವಯಸ್ಸಾದ ಅಪ್ಪ ಅಮ್ಮ ಎಲ್ಲವನ್ನೂ ನೋಡಿಕೊಳ್ಳುವ ಇನ್ನೊಬ್ಬರು ಮನೆಯಲ್ಲಿ ಬೇಕೇ ಬೇಕು. ಕಂಪನಿ ಸಂಬಳ ಕೊಡುತ್ತಿದ್ದುದು ಒಬ್ಬನಿಗೆ, ದುಡಿಸಿಕೊಳ್ಳುತ್ತಿದ್ದುದು ಇಬ್ಬರನ್ನು.

ಮನೆಯೊಳಗೆ ಹೆಂಡತಿಯ ಅಧಿಕಾರ ಕಡಿಮೆಯದೇನಲ್ಲ ಎಂಬುದನ್ನೂ ಹೇಳಬೇಕು. ಗಂಡ ಸಂಬಳದ ಲಕೋಟೆಯನ್ನು ಒಡೆಯದೆ ಹೆಂಡತಿಯ ಕೈಗಿಡುವುದು, ಅವಳು ಅದರಲ್ಲಿ ಅವನಿಗೆ ತಿಂಗಳ ಕೈಖರ್ಚು ಕೊಡುವುದು ಎಷ್ಟೋ ಮನೆಗಳ ವಾಡಿಕೆಯಾಗಿತ್ತು. ಪತ್ರಕರ್ತೆ ಹಾನಿ ಮೊತೊಕೊ 1904ರಲ್ಲಿ ರೂಪಿಸಿದ ಮನೆ ಲೆಕ್ಕದ ಪುಸ್ತಕ ಇಂದಿಗೂ ಅಚ್ಚಾಗುತ್ತದೆ. ಆದರೆ ಲೆಕ್ಕ ಬರೆಯುವ ಅಧಿಕಾರ ಬೇರೆ, ಸ್ವಂತ ಸಂಪಾದನೆಯ ಬಲ ಬೇರೆ. ಗಂಡ ತೀರಿಕೊಂಡಾಗಲೋ ಮದುವೆ ಮುರಿದಾಗಲೋ ಈ ವ್ಯತ್ಯಾಸ ಒಂದೇ ದಿನದಲ್ಲಿ ಗೊತ್ತಾಗುತ್ತಿತ್ತು.

ಕಚೇರಿಗೆ ಸೇರಿದ ಹೆಂಗಸರ ಪಾಡೂ ಹೇಳುವಂಥದಲ್ಲ. ಚಹಾ ಕೊಡುವುದು, ಫೋಟೊಕಾಪಿ ತೆಗೆಯುವುದು, ಮದುವೆ ಗೊತ್ತಾದರೆ ಹೂಗುಚ್ಛ ಪಡೆದು ಮನೆಗೆ ಹೋಗುವುದು. ಮದುವೆಯಾದರೆ ರಾಜೀನಾಮೆ ಕೊಡುತ್ತೇನೆ ಎಂದು ಮೊದಲೇ ಬರೆಸಿಕೊಂಡ ಒಂದು ಸಿಮೆಂಟ್ ಕಂಪನಿಯ ವಿರುದ್ಧ 1966ರಲ್ಲಿ ಟೋಕಿಯೊ ಜಿಲ್ಲಾ ನ್ಯಾಯಾಲಯ ತೀರ್ಪಿತ್ತಿತು. ನಿಸ್ಸಾನ್ ಕಂಪನಿಯಲ್ಲಿ ಹೆಂಗಸರನ್ನು ಗಂಡಸರಿಗಿಂತ 5 ವರ್ಷ ಮೊದಲೇ ನಿವೃತ್ತಿ ಮಾಡಿಸುತ್ತಿದ್ದ ನಿಯಮವನ್ನು ಸುಪ್ರೀಂ ಕೋರ್ಟ್ 1981ರಲ್ಲಿ ರದ್ದು ಮಾಡಿತು. ಕಾನೂನು ಬರುವ ಮೊದಲೇ ಕೋರ್ಟಿನ ಮೆಟ್ಟಿಲು ಹತ್ತಿದ ಸಾಮಾನ್ಯ ನೌಕರಿಯ ಹೆಂಗಸರು ದಾರಿ ಮಾಡಿದರು.

ಕೇಳುಗರೇ, ಈಗ ಒಂದು ವರ್ಷದ ಮೇಲೆ ನಿಮ್ಮ ಗಮನ ನಿಲ್ಲಿಸುತ್ತೇನೆ. ಅದು 1985. ಆ ವರ್ಷ ಜಪಾನಿನಲ್ಲಿ ಮೂರು ಕಾನೂನುಗಳು ಆದವು, ಮೂರೂ ಮರುವರ್ಷ ಜಾರಿಗೆ ಬಂದವು. ಮೊದಲನೆಯದು ಸಮಾನ ಉದ್ಯೋಗಾವಕಾಶ ಕಾನೂನು. ಕಾರ್ಮಿಕ ಸಚಿವಾಲಯದ ಅಧಿಕಾರಿ ಅಕಾಮತ್ಸು ರಿಯೊಕೊ ಹಟ ಹಿಡಿದು ಅದನ್ನು ಪಾರುಮಾಡಿಸಿದರು. ಎರಡನೆಯದು ಪಿಂಚಣಿ ಸುಧಾರಣೆ. ಸಂಬಳದ ಗಂಡನನ್ನು ಅವಲಂಬಿಸಿದ ಹೆಂಡತಿ ತಾನು ಒಂದು ಯೆನ್ ಕಟ್ಟದೆಯೂ ಪಿಂಚಣಿ ಪಡೆಯಬಹುದು, ಆದರೆ ಅವಳ ಸ್ವಂತ ಸಂಪಾದನೆ ಒಂದು ಮಿತಿಯೊಳಗೇ ಇರಬೇಕು ಎಂದು ಅದು ಹೇಳಿತು. ಮೂರನೆಯದು ಏಜೆನ್ಸಿಗಳ ಮೂಲಕ ತಾತ್ಕಾಲಿಕ ನೌಕರರನ್ನು ಒದಗಿಸಲು ಅನುಮತಿ ಕೊಟ್ಟ ಕಾನೂನು. ಒಂದು ಕಾನೂನು ಕಚೇರಿಯ ಬಾಗಿಲು ತೆಗೆಯಿತು, ಇನ್ನೊಂದು ಮನೆಯಲ್ಲೇ ಇರುವುದಕ್ಕೆ ಬಹುಮಾನ ಕೊಟ್ಟಿತು, ಮಗದೊಂದು ಹೊರಗೆ ಬಂದೇ ತೀರುತ್ತೇನೆ ಎನ್ನುವವಳಿಗೆ ಅಗ್ಗದ, ಅಭದ್ರ ಕೆಲಸವನ್ನು ಸಿದ್ಧಮಾಡಿಟ್ಟಿತು. ಮುಂದಿನ ನಲವತ್ತು ವರ್ಷಗಳ ಕಥೆ ಈ ಮೂರರ ನಡುವಿನ ಜಗ್ಗಾಟ.

ಸಮಾನ ಅವಕಾಶದ ಕಾನೂನಿಗೆ ಕಂಪನಿಗಳು ಕೊಟ್ಟ ಉತ್ತರವೂ ಜಾಣತನದ್ದು. ಅವು ನೌಕರಿಯನ್ನು ಎರಡು ಹಳಿಯಾಗಿ ಒಡೆದವು. ಒಂದರಲ್ಲಿ ಬಡ್ತಿ ಉಂಟು, ಜೊತೆಗೆ ಎಲ್ಲಿಗೆ ಬೇಕಾದರೂ ವರ್ಗಾವಣೆ ಮತ್ತು ಹೊತ್ತು ಮೀರಿದ ದುಡಿಮೆ. ಇನ್ನೊಂದರಲ್ಲಿ ಊರು ಬಿಡಬೇಕಿಲ್ಲ, ಬಡ್ತಿಯೂ ಇಲ್ಲ. ಆಯ್ಕೆ ನಿಮ್ಮದೇ ಎಂದರು. ಹೆಣ್ಣೆಂದು ಯಾರನ್ನೂ ತಡೆದ ಹಾಗಾಗಲಿಲ್ಲ, ಮನೆಯಲ್ಲಿ ಇನ್ನೊಬ್ಬರ ಆಸರೆ ಇರುವವನು ಮಾತ್ರ ಮೊದಲ ಹಳಿಯಲ್ಲಿ ಓಡಬಲ್ಲ ಎಂಬಂತಾಯಿತು. ಹೆಂಡತಿ ಎಂಬ ಆಸರೆ ಗಂಡಸಿಗಿತ್ತು. ಹೆಂಗಸಿಗೆ ಅಂಥ ಆಸರೆ ಎಲ್ಲಿತ್ತು?

ಹೆಂಗಸರು ಇದಕ್ಕೆ ಘೋಷಣೆ ಕೂಗದೆ, ಮಕ್ಕಳನ್ನು ಹೆರುವುದನ್ನು ಕಡಿಮೆ ಮಾಡಿ ಉತ್ತರ ಕೊಟ್ಟರು. 1966ರಲ್ಲಿ ಜಪಾನಿನಲ್ಲಿ ಜನನ ಪ್ರಮಾಣ ಒಮ್ಮೆಲೇ ಕುಸಿದಿತ್ತು. ಆ ಪಂಚಾಂಗ ವರ್ಷದಲ್ಲಿ ಹುಟ್ಟಿದ ಹೆಣ್ಣು ಗಂಡನಿಗೆ ಕಂಟಕ ಎಂಬ ಮೂಢನಂಬಿಕೆಯೇ ಕಾರಣ. ಆ ವರ್ಷ ಒಬ್ಬ ಹೆಂಗಸಿಗೆ ಸರಾಸರಿ ಮಕ್ಕಳು 1.58. 1989ರ ಅಂಕಿ ಅದಕ್ಕಿಂತಲೂ ಕೆಳಗಿಳಿದು 1.57 ಆದಾಗ ದೇಶ ಬೆಚ್ಚಿತು, ಏಕೆಂದರೆ ಈ ಸಲ ಪಂಚಾಂಗವನ್ನು ದೂರುವಂತಿರಲಿಲ್ಲ. ಕೆಲಸ ಅಥವಾ ಮಗು, ಎರಡರಲ್ಲಿ ಒಂದು ಎಂದಾಗ ಅನೇಕರು ಮದುವೆಯನ್ನೇ ಮುಂದೂಡಿದ್ದರು. 2024ರಲ್ಲಿ ಆ ಪ್ರಮಾಣ 1.15ಕ್ಕೆ ಬಂದಿದೆ. ಆ ವರ್ಷ ಹುಟ್ಟಿದ ಮಕ್ಕಳು 7 ಲಕ್ಷಕ್ಕಿಂತ ಕಡಿಮೆ.

ಬದಲಾವಣೆಯೇ ಆಗಿಲ್ಲವೇ? ಖಂಡಿತ ಆಗಿದೆ. 1980ರಲ್ಲಿ ಗಂಡ ದುಡಿದು ಹೆಂಡತಿ ಮನೆಯಲ್ಲಿರುವ ಕುಟುಂಬಗಳು 1 ಕೋಟಿ 11 ಲಕ್ಷ ಇದ್ದರೆ, ಇಬ್ಬರೂ ದುಡಿಯುವ ಕುಟುಂಬಗಳು 61 ಲಕ್ಷ. 1990ರ ದಶಕದ ಕೊನೆಗೆ ತಕ್ಕಡಿ ತಿರುಗಿತು. ಈಗ ಇಬ್ಬರೂ ದುಡಿಯುವ ಮನೆಗಳು ಇನ್ನೊಂದರ ದುಪ್ಪಟ್ಟಿಗೂ ಹೆಚ್ಚು. ಶಿಶುವಿಹಾರದಲ್ಲಿ ಜಾಗ ಸಿಗದೆ ಕಾಯುತ್ತಿದ್ದ ಮಕ್ಕಳು 2017ರಲ್ಲಿ 26 ಸಾವಿರ, 2024ರಲ್ಲಿ ಎರಡೂವರೆ ಸಾವಿರದಷ್ಟು. ಹೆರಿಗೆಗೆ ಕೆಲಸ ಬಿಟ್ಟು, ಮಕ್ಕಳು ದೊಡ್ಡವರಾದ ಮೇಲೆ ಮರಳಿ ಬರುವ ಹಳೆಯ ಕ್ರಮ ಬಹುಮಟ್ಟಿಗೆ ಹೋಗಿದೆ.

ಆದರೆ ಎಂಥ ಕೆಲಸ ಎಂದು ಕೇಳಬೇಕು. ದುಡಿಯುವ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕಾಯಂ ಅಲ್ಲದ ನೌಕರರು. ಗಂಡಸರಲ್ಲಿ ಅಂಥವರು ಕಾಲುಭಾಗಕ್ಕಿಂತ ಕಡಿಮೆ. ಆದಾಯದ ಮಿತಿಯನ್ನು ಅಲ್ಲಿಯ ಜನ ಗೋಡೆ ಎನ್ನುತ್ತಾರೆ. ಬಹುಕಾಲ 10 ಲಕ್ಷ 30 ಸಾವಿರ ಯೆನ್ ತೆರಿಗೆಯ ಗೋಡೆ, 13 ಲಕ್ಷ ಯೆನ್ ವಿಮೆಯ ಗೋಡೆ. ವರ್ಷದ ಕೊನೆಗೆ, ಅಂಗಡಿಗಳಲ್ಲಿ ಜನ ತುಂಬಿರುವ ಹೊತ್ತಿನಲ್ಲೇ, ಪಾರ್ಟ್‌ಟೈಮ್ ಹೆಂಗಸರು ಗೋಡೆ ದಾಟಬಾರದೆಂದು ಪಾಳಿ ಕಡಿಮೆ ಮಾಡಿಕೊಳ್ಳುತ್ತಾರೆ. ಕನಿಷ್ಠ ಕೂಲಿ ಹೆಚ್ಚಿದಷ್ಟೂ ಕೆಲಸದ ಗಂಟೆ ಕಡಿಮೆ ಮಾಡಿಕೊಳ್ಳುವ ವಿಚಿತ್ರ ಇದು. 2025ರಲ್ಲಿ ತೆರಿಗೆಯ ಗೋಡೆಯನ್ನು ಎತ್ತರಿಸಿದರು, ಕೆಡವಲಿಲ್ಲ. ಇಂಥ ಅಭದ್ರ ಕೆಲಸದ ಪೆಟ್ಟು ಹೆಚ್ಚು ತಾಗುವುದು ಒಂಟಿ ತಾಯಂದಿರಿಗೆ. ಅವರಲ್ಲಿ ಹೆಚ್ಚಿನವರು ದುಡಿಯುತ್ತಾರೆ. ಆದರೂ ಒಬ್ಬರೇ ಪೋಷಕರಿರುವ ಮನೆಗಳಲ್ಲಿ ಶೇಕಡಾ 44ರಷ್ಟು ಬಡತನದ ರೇಖೆಯ ಕೆಳಗಿದ್ದವು ಎನ್ನುತ್ತದೆ 2021ರ ಲೆಕ್ಕ.

ಇನ್ನು ಗಂಡಸಿನ ಕಡೆ ನೋಡೋಣ. ತಂದೆಯಾದವನು ಶಿಶುಪಾಲನೆಗೆ ರಜೆ ಪಡೆಯುವ ಹಕ್ಕು 1992ರಿಂದ ಇದೆ. 1996ರಲ್ಲಿ ಅದನ್ನು ಬಳಸಿದವರು ಶೇಕಡಾ 0.12, ಅಂದರೆ ಸಾವಿರಕ್ಕೆ ಒಬ್ಬ. 2022ರಲ್ಲಿ ಹೊಸ ನಿಯಮ ಬಂತು, ರಜೆಯ ಬಗ್ಗೆ ನೌಕರನನ್ನು ಕಂಪನಿಯೇ ಕೇಳಬೇಕೆಂದಾಯಿತು. 2024ರಲ್ಲಿ ರಜೆ ಪಡೆದವರು ಶೇಕಡಾ 40. ಇದು ಸಣ್ಣ ಮಾತಲ್ಲ. ಆದರೆ ಗಡಿಯಾರ ಇನ್ನೊಂದು ಕಥೆ ಹೇಳುತ್ತದೆ. 6 ವರ್ಷದೊಳಗಿನ ಮಗುವಿರುವ ಮನೆಗಳ ದಿನಚರಿಯನ್ನು ಸರ್ಕಾರ 5 ವರ್ಷಕ್ಕೊಮ್ಮೆ ಅಳೆಯುತ್ತದೆ. 1996ರಲ್ಲಿ ಮನೆಗೆಲಸಕ್ಕೂ ಮಗುವಿಗೂ ಗಂಡ ಕೊಡುತ್ತಿದ್ದ ಹೊತ್ತು ದಿನಕ್ಕೆ 38 ನಿಮಿಷ. 2021ರಲ್ಲಿ 1 ಗಂಟೆ 54 ನಿಮಿಷ. ಮೂರು ಪಟ್ಟು ಏರಿಕೆ, ಸಂತೋಷ. ಹೆಂಡತಿಯದು? 7 ಗಂಟೆ 38 ನಿಮಿಷವಿದ್ದದ್ದು 7 ಗಂಟೆ 28 ನಿಮಿಷಕ್ಕೆ ಬಂದಿದೆ. ಇಪ್ಪತ್ತೈದು ವರ್ಷಗಳಲ್ಲಿ ಅವಳಿಗೆ ಉಳಿದದ್ದು 10 ನಿಮಿಷ.

ಗಂಡಸನ್ನು ಸೋಮಾರಿ ಎಂದು ಬೈದು ಮುಗಿಸುವ ವಿಷಯ ಇದಲ್ಲ. ರಾತ್ರಿ ಹತ್ತಕ್ಕೆ ಮನೆ ತಲಪುವವನು ಅಡುಗೆ ಮಾಡುವುದಾದರೂ ಯಾವಾಗ? ಅತಿ ದುಡಿಮೆಯಿಂದ ಸಾಯುವುದಕ್ಕೆ ಪ್ರತ್ಯೇಕ ಹೆಸರೇ ಇರುವ ದೇಶ ಅದು. ಓವರ್‌ಟೈಮಿಗೆ ಕಾನೂನಿನ ಕಟ್ಟುನಿಟ್ಟಾದ ಮಿತಿ ಬಂದದ್ದು 2019ರಲ್ಲಿ. ಹೆಂಗಸಿನ ಹಕ್ಕಿನ ಬಗ್ಗೆ ಅಷ್ಟೊಂದು ಕಾನೂನುಗಳು ಬಂದವಲ್ಲ, ಅವೆಲ್ಲಕ್ಕಿಂತ ಹೆಂಗಸಿನ ಬದುಕಿಗೆ ಹೆಚ್ಚು ಹತ್ತಿರದ ಕಾನೂನು ಇದೇ ಎಂದು ನನ್ನ ಅಭಿಪ್ರಾಯ.

ಹಳೆಯ ಮನಸ್ಸು ಅಲ್ಲಲ್ಲಿ ಹಾಗೆಯೇ ಕೂತಿದೆ. 2018ರ ಏಪ್ರಿಲ್‌ನಲ್ಲಿ ಮೈಜುರು ನಗರದ ಮೇಯರ್ ಸುಮೊ ಅಖಾಡದ ಮೇಲೆ ಕುಸಿದುಬಿದ್ದಾಗ ಪ್ರಥಮ ಚಿಕಿತ್ಸೆಗೆ ಓಡಿಬಂದ ಮಹಿಳೆಯರಿಗೆ, ಅಖಾಡದಿಂದ ಇಳಿಯಿರಿ ಎಂದು ಧ್ವನಿವರ್ಧಕದಲ್ಲಿ ಕೂಗಿ ಹೇಳಲಾಯಿತು. ಅದೇ ವರ್ಷ ಟೋಕಿಯೊ ವೈದ್ಯಕೀಯ ವಿಶ್ವವಿದ್ಯಾಲಯ ಪ್ರವೇಶ ಪರೀಕ್ಷೆಯಲ್ಲಿ ಹುಡುಗಿಯರ ಅಂಕ ಇಳಿಸಿದ್ದು ಬಯಲಾಯಿತು. ಮನೆತನದ ಹೆಸರಿನ ವಿಷಯದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲೂ 2021ರಲ್ಲೂ ಹಳೆಯ ಕಾನೂನನ್ನೇ ಎತ್ತಿಹಿಡಿಯಿತು. ಈಗ ಬದಲಾವಣೆ ಬೇಕೆನ್ನುವವರಲ್ಲಿ ಉದ್ಯಮಿಗಳ ದೊಡ್ಡ ಒಕ್ಕೂಟ ಕೈದಾನ್ರೆನ್ ಕೂಡ ಸೇರಿದೆ.

ನಮಗಿಲ್ಲಿ ಒಂದು ಪಾಠವಿದೆ. 2025ರ ಅಕ್ಟೋಬರಿನಲ್ಲಿ ಕರ್ನಾಟಕ ಸರ್ಕಾರ ದುಡಿಯುವ ಹೆಂಗಸರಿಗೆ ವರ್ಷಕ್ಕೆ 12 ದಿನ ಸಂಬಳಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ಜಪಾನಿನಲ್ಲಿ ಅಂಥ ಹಕ್ಕು 1947ರಿಂದ ಇದೆ. 1960ರ ದಶಕದಲ್ಲಿ ಕೆಲಸಗಾರ್ತಿಯರಲ್ಲಿ ಸುಮಾರು ಕಾಲುಭಾಗ ಅದನ್ನು ಬಳಸುತ್ತಿದ್ದರು. ಈಗ ಬಳಸುವವರು ನೂರಕ್ಕೆ ಒಬ್ಬರೂ ಇಲ್ಲ. ಸಂಬಳ ಕೊಡಲೇಬೇಕೆಂಬ ಕಡ್ಡಾಯವಿಲ್ಲ, ಗಂಡಸು ಮೇಲಧಿಕಾರಿಯ ಮುಂದೆ ಬಾಯಿ ಬಿಡಲು ಸಂಕೋಚ, ಎಲ್ಲರೂ ಹೊತ್ತು ಮೀರಿ ದುಡಿಯುವಲ್ಲಿ ರಜೆ ಕೇಳಿದವಳೇ ತಪ್ಪಿತಸ್ಥೆ. ಕೆಲಸದ ಜಾಗದ ರೀತಿ ಬದಲಾಗದೆ ಹೆಂಗಸಿಗೆ ಮಾತ್ರ ಸೌಲಭ್ಯ ಕೊಟ್ಟರೆ ಆ ಸೌಲಭ್ಯ ಕಾಗದದ ಮೇಲೆ ಉಳಿಯುತ್ತದೆ.

ಜಪಾನು ನೂರೈವತ್ತು ವರ್ಷಗಳಲ್ಲಿ ಹೆಂಗಸಿಗೆ ಕಾರ್ಖಾನೆ, ಮತ, ಕಚೇರಿ, ಕೊನೆಗೆ ಪ್ರಧಾನಿಯ ಕುರ್ಚಿಯನ್ನೂ ಕೊಟ್ಟಿತು. ಗಂಡಸಿಗೆ ಸಂಜೆ ಆರಕ್ಕೆ ಮನೆಗೆ ಹೋಗುವ ಹಕ್ಕನ್ನು ಮಾತ್ರ ಇನ್ನೂ ಪೂರ್ತಿ ಕೊಟ್ಟಿಲ್ಲ. ಅದನ್ನು ಕೊಡುವವರೆಗೆ ಉಳಿದ ಹಕ್ಕುಗಳೆಲ್ಲ ಅರೆಬರೆಯೇ. ಬೆಂಗಳೂರಿನ ಕಚೇರಿಗಳಲ್ಲಿ ವಾರಕ್ಕೆ ಎಷ್ಟು ಗಂಟೆ ದುಡಿಯಬೇಕೆಂಬ ಚರ್ಚೆ ಎದ್ದಾಗಲೆಲ್ಲ, ಆ ಹೊತ್ತಿನಲ್ಲಿ ಮನೆಯ ಕೆಲಸ ಯಾರು ಮಾಡುತ್ತಾರೆ ಎಂಬ ಪ್ರಶ್ನೆಯನ್ನೂ ದಯವಿಟ್ಟು ಜೊತೆಗೇ ಕೇಳಿ.